ಸಹಾಯ ಬೇಕು: ಇಟಾಲಿಯನ್ 'ಪೇರ', ಟಗಾಲೊಗ್ 'ಪೇರ'

ಇಟಾಲಿಯನ್, ಟಗಾಲೊಗ್ (ಫಿಲಿಪೀನ್ಸಿನ ಭಾಷೆ) ಎರಡೂ ಬಲ್ಲವರು ದಯವಿಟ್ಟು ನೋಡಿ. ಕಾಗುಣಿತ ಒಂದೇ, ಅರ್ಥ ಬೇರೆ ಇರುವ ಪದಗಳಿಗೆ ಆಂಕಿ (ಪದ ನೆನಪಿಡಲು ಬಳಸುವ ಫ್ಲಾಶ್‌ಕಾರ್ಡ್ ಆ್ಯಪ್) ಕಾರ್ಡ್ ಮಾಡಬೇಕು.

'ಪೇರ' ಇಟಲಿಯಲ್ಲಿ ಪಿಯರ್ ಹಣ್ಣು, ಮನಿಲಾದಲ್ಲಿ ದುಡ್ಡು. (ಸ್ಪೇನಿನ 1870ರ ತಾಮ್ರದ ನಾಣ್ಯದ ಮೇಲಿದ್ದ ಸಿಂಹವನ್ನು ಜನ ಹೆಣ್ಣುನಾಯಿ, ಅಂದರೆ 'ಪೆರ್ರ' ಎಂದು ಗೇಲಿ ಮಾಡಿದರು, ಟಗಾಲೊಗ್ ಪದದ ಮೂಲ ಅದೇ.) ಎರಡರಲ್ಲೂ ಒತ್ತು 'ಪೇ' ಮೇಲೆಯೇ, ಹಾಗಾಗಿ ಕಿವಿಗೆ ವ್ಯತ್ಯಾಸ ಸಿಗದು. ಆಂಕಿಯಲ್ಲಿ ಮೊದಲ ಫೀಲ್ಡ್ ಒಂದೇ ಆದರೆ ಡೆಕ್ (ಕಾರ್ಡ್‌ಗಳ ಕಟ್ಟು) ಬೇರೆಯಿದ್ದರೂ ಡೂಪ್ಲಿಕೇಟ್ ಎನ್ನುತ್ತದೆ. ಅದಕ್ಕೆ ಒಂಟಿ ಪದ ಬಿಟ್ಟು 'ಊನ ಪೇರ' (ಒಂದು ಪಿಯರ್), 'ವಲಾ ಅಕೊಙ್ ಪೇರ' (ನನ್ನ ಹತ್ರ ದುಡ್ಡಿಲ್ಲ) ಎಂದು ಹಾಕುವುದೇ ಸರಿ. ಅನುವಾದದ ಆ್ಯಪಿನಲ್ಲೂ ಭಾಷೆಯನ್ನು ಕೈಯಾರೆ ಆರಿಸಿ; ಆಟೋಗೆ ಬಿಟ್ಟರೆ ಒಂಟಿ ಪದಕ್ಕೆ ಎಡವುತ್ತದೆ.

ತೊಡಕಿರುವುದು 'ಸಲಿತ'ದಲ್ಲಿ. ಇಟಾಲಿಯನ್ನಲ್ಲಿ 'ಲೀ' ಎಳೆದರೆ ಏರುದಾರಿ. ಟಗಾಲೊಗ್‌ನಲ್ಲಿ 'ತ' ಮೇಲೆ ಒತ್ತು ಬಿದ್ದು, ಗಂಟಲು ಟಕ್ಕನೆ ಮುಚ್ಚುತ್ತದೆ. ಅರ್ಥ 'ಪದ', 'ಮಾತು'. ಆ ತಡೆಯನ್ನು ಕನ್ನಡ ಲಿಪಿಯಲ್ಲಿ ಹೇಗೆ ಬರೆಯುತ್ತೀರಿ? ವಿಸರ್ಗ ಹಾಕಿದರೆ ನಮ್ಮವರು 'ಸಲಿತಹ' ಎಂದೇ ಓದುತ್ತಾರೆ.

'ಲಿಮ' (ಕಬ್ಬಿಣ ಉಜ್ಜುವ ಅರ / ಐದು) ಸಿಕ್ಕಿದೆ. 'ಪೇರ'ದಂತೆ ಒತ್ತೂ ಒಂದೇ ಇರುವ ಪದಗಳಿದ್ದರೆ ಒಂದೊಂದು ವಾಕ್ಯದ ಜೊತೆ ಕೊಡಿ.