ಟಿಟಿಕಾಕಾ: ಅಪ್ಪ ಅಮ್ಮನನ್ನು ಕರ್ಕೊಂಡು ಹೋಗಬಹುದಾ?

ಆಗಸ್ಟ್‌ನಲ್ಲಿ ಪೆರುವಿಗೆ ಹೊರಟಿದ್ದೀವಿ. ಮಾಚುಪಿಚು ಆದಮೇಲೆ ಕೈಯಲ್ಲಿ ಎರಡು ದಿನ. ಪೂನೋ ಊರಿಗೆ ಹೋಗಿ ಟಿಟಿಕಾಕಾ ಸರೋವರದ ದ್ವೀಪಗಳನ್ನು ನೋಡೋ ಆಸೆ. ಅಪ್ಪನಿಗೆ 64, ಎಲ್ಲರೂ ಸಸ್ಯಾಹಾರಿಗಳು. ಹೋಗಿಬಂದವರು ಹೇಳಿ.

—

ಮೊದಲು ಎತ್ತರದ ಮಾತು. ಸರೋವರ ಇರೋದೇ 3,812 ಮೀಟರ್‌ನಲ್ಲಿ, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಮ್ಮಿ ಎರಡರಷ್ಟು. ನಾವು ಲಿಮಾದಿಂದ ನೇರ ವಿಮಾನದಲ್ಲಿ ಪೂನೋ ಹತ್ತಿರದ ಹೂಲಿಯಾಕಾಕ್ಕೆ ಇಳಿದು ಕೆಟ್ಟೆವು. ರಾತ್ರಿಯಿಡೀ ತಲೆ ಸಿಡಿತ, ಊಟ ಬೇಡ. ನೀವು ಮಾಚುಪಿಚು ನೋಡಿ, ಎತ್ತರದಲ್ಲೇ ಇರೋ ಕುಸ್ಕೋ ಊರಿನ ಕಡೆಯಿಂದ ಬರ್ತೀರಲ್ಲ, ಮೈ ಅಷ್ಟೊತ್ತಿಗೆ ಒಗ್ಗಿರುತ್ತೆ. ಆದರೂ ಅಪ್ಪನಿಗೆ ಬಿಪಿ ಇದ್ದರೆ ಹೊರಡೋ ಮುಂಚೆ ಡಾಕ್ಟರನ್ನು ಕೇಳಿ. ಹಗಲು ಸುಡೋ ಬಿಸಿಲು, ಆಗಸ್ಟ್ ರಾತ್ರಿ ಸೊನ್ನೆಗಿಂತ ಕೆಳಗೆ. ಉಣ್ಣೆ ಟೋಪಿ ಇರಲಿ.

—

ಉರೋಸ್ ಜನರ ತೇಲೋ ದ್ವೀಪಗಳ ಬಗ್ಗೆ "ಬರೀ ನಾಟಕ" ಅನ್ನೋರು ಸಿಗ್ತಾರೆ. ನನಗೆ ಹಾಗನ್ನಿಸಲಿಲ್ಲ. ತೊತೋರಾ ಅನ್ನೋ ಜೊಂಡಿನ ಬೇರುಗಡ್ಡೆಗಳನ್ನು ಕೊಯ್ದು, ಒಂದಕ್ಕೊಂದು ಕಟ್ಟಿ, ಮೇಲೆ ಜೊಂಡು ಹಾಸಿ ದ್ವೀಪ ಮಾಡ್ತಾರೆ. ತೇಲಿ ಹೋಗದಂತೆ ಗೂಟಕ್ಕೆ ಕಟ್ಟಿರ್ತಾರೆ. ಕೆಳಗಿನದು ಕೊಳೀತಾ ಹೋಗುತ್ತೆ, ಮೇಲೆ ಹೊಸದು ಹಾಸ್ತಾನೇ ಇರಬೇಕು. ಕಾಲಿಟ್ಟರೆ ಹುಲ್ಲಿನ ಬಣವೆ ಮೇಲೆ ನಿಂತ ಹಾಗೆ ಮೆತ್ತಗೆ ಒಳಗಿಳಿಯುತ್ತೆ. ಅವರ ಹಳೇ ಭಾಷೆ ಹೋಗಿದೆ, ಈಗ ಆಯ್ಮಾರಾ ಆಡ್ತಾರೆ. ಗುಡಿಸಲ ಪಕ್ಕ ಸೋಲಾರ್ ಫಲಕ ಕಂಡು ನಮ್ಮ ಜೊತೆಗಿದ್ದವರೊಬ್ಬರು ಮುಖ ಸಿಂಡರಿಸಿದರು. ಕತ್ತಲಲ್ಲಿ ಕೂರಬೇಕಿತ್ತಾ ಪಾಪ? ಜೊಂಡಿನ ದೋಣಿ ಸವಾರಿಗೆ ಬೇರೆ ದುಡ್ಡು, ಮೊದಲೇ ಕೇಳ್ಕೊಳ್ಳಿ.

—

ಎರಡು ದಿನ ಇದ್ದರೆ ಉರೋಸ್ ಮುಗಿಸಿ ರಾತ್ರಿ ಅಮಂತಾನಿ ದ್ವೀಪದಲ್ಲಿ ಇರಿ. ಹೋಟೆಲ್ ಹುಡುಕಬೇಡಿ, ಮನೆಯವರ ಜೊತೆಗೇ ವಾಸ. ಕೆಚುವಾ ಮಾತಾಡೋ ಜನ, ಸರದಿ ಪ್ರಕಾರ ಅತಿಥಿಗಳನ್ನು ಹಂಚ್ಕೊಳ್ತಾರೆ. ನಮಗೆ ಸಿಕ್ಕಿದ್ದು ಕಿನೋವಾ ಸೂಪು, ಬೇಯಿಸಿದ ಆಲೂಗಡ್ಡೆ, ಕರಿದ ಚೀಸು, ಪುದೀನದಂಥ ಮುನ್ಯಾ ಸೊಪ್ಪಿನ ಕಷಾಯ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" (ಮಾಂಸ, ಕೋಳಿ, ಮೀನು ಬೇಡ) ಅಂತ ಸ್ಪ್ಯಾನಿಷ್‌ನಲ್ಲಿ ಮೂರನ್ನೂ ಬಿಡಿಸಿ ಹೇಳಿ. ಚಿಲ್ಲರೆ ಸೋಲ್ (ಪೆರುವಿನ ಹಣ) ನೋಟು ಪೂನೋದಲ್ಲೇ ಮಾಡ್ಕೊಳ್ಳಿ. ಆ ಮನೆಗೆ ಅಕ್ಕಿ, ಹಣ್ಣು ಒಯ್ದರೆ ಚೆನ್ನ.

ಮಾರನೇ ದಿನ ತಕೀಲೆ ದ್ವೀಪ. ಅಲ್ಲಿ ಕಡ್ಡಿ ಹಿಡಿದು ಟೋಪಿ ಹೆಣೆಯೋರು ಗಂಡಸರು, ನಡೀತಾನೇ ಹೆಣೀತಾರೆ! ಮದುವೆ ಆಗಿದೆಯೋ ಇಲ್ಲವೋ ಟೋಪಿಯ ಬಣ್ಣದಲ್ಲೇ ಗೊತ್ತಾಗುತ್ತೆ. ಈ ನೇಯ್ಗೆಯನ್ನು ಯುನೆಸ್ಕೋ 2005ರಲ್ಲೇ ಗುರುತಿಸಿದೆ. ಆದರೆ ಒಂದು ದಡದಲ್ಲಿ 500ಕ್ಕೂ ಹೆಚ್ಚು ಕಲ್ಲುಮೆಟ್ಟಿಲು. ಆ ಮೆಟ್ಟಿಲು ಹತ್ತಿಸದೆ ಬೇರೆ ದಡದಲ್ಲಿ ಇಳಿಸ್ತೀರಾ ಅಂತ ದೋಣಿಯವರನ್ನು ಕೇಳಿ.

—

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. "ಶ್ರವಣಬೆಳಗೊಳ ಹತ್ತಿಲ್ವೇನೋ ನಾನು?" ಅಂದ್ರು.

—

ಬೆಳಗೊಳದಲ್ಲಿ ಉಸಿರಾಡೋಕೆ ಗಾಳಿ ಇತ್ತು ಅಂತ ಹೇಳಿ ಅವರಿಗೆ!