ಎಲ್‌ಎಲ್‌ಬಿ ಮುಗಿದ ಕೂಡಲೇ ಸ್ವಂತ ಪ್ರಾಕ್ಟೀಸ್ ಶುರು ಮಾಡಬಹುದಾ?

ಡೊಂಬಿವಲಿ ಫಾಸ್ಟ್‌ಲೋಕಲ್:
ಈ ವರ್ಷ ಎಲ್‌ಎಲ್‌ಬಿ ಮುಗಿಯಿತು. ಮಹಾರಾಷ್ಟ್ರ-ಗೋವಾ ಬಾರ್ ಕೌನ್ಸಿಲ್ ಸನ್ನದು (ವಕೀಲನಾಗಿ ನೋಂದಣಿಯಾದ ಪತ್ರ) ಬಂದಿದೆ, ಎಐಬಿಇ (ವಕೀಲರ ಅರ್ಹತಾ ಪರೀಕ್ಷೆ) ಇನ್ನೂ ಬರೆದಿಲ್ಲ. ಮನೆಯಲ್ಲಿ ವಕೀಲರು ಯಾರೂ ಇಲ್ಲ. ಅಪ್ಪ ಹೋಟೆಲ್ ಮ್ಯಾನೇಜರ್. ಮುಂಬೈ ಫೋರ್ಟ್‌ನಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ತಿರ ಕೇಳಿದೆ, ಮೊದಲ ವರ್ಷ ಟ್ರೇನ್ ಪಾಸ್ ದುಡ್ಡು ಕೊಡುತ್ತೇನೆ ಅಂದರು. ಅದಕ್ಕಿಂತ ಕಲ್ಯಾಣ್ ಕೋರ್ಟಿನಲ್ಲಿ ನಾನೇ ಶುರು ಮಾಡಿದರೆ ಹೇಗೆ? ಅಪ್ಪನ ಪರಿಚಯದ ಹೋಟೆಲಿನವರು ಕೇಸ್ ಕೊಡುತ್ತೇವೆ ಅಂತಿದ್ದಾರೆ. ಹುಚ್ಚು ಧೈರ್ಯವಾ ಇದು?

ಥಾಣೆ ವಕೀಲ:
ಕಾನೂನಿನ ಅಡ್ಡಿ ಇಲ್ಲ. ಒಂದು ವರ್ಷ ತರಬೇತಿ ಕಡ್ಡಾಯ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ತಂದಿತ್ತು, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಎಐಬಿಇ ಎರಡು ವರ್ಷದೊಳಗೆ ಪಾಸ್ ಮಾಡಿಕೊಳ್ಳಿ, ಅಷ್ಟೇ.

ಆದರೆ ಹೋಟೆಲಿನವರ ಕೇಸ್ ಸುಲಭ ಅಂದುಕೊಳ್ಳಬೇಡಿ. ಅವರ ಜಗಳ ಜಾಸ್ತಿ ಕಂಡಕ್ಟಿಂಗ್ ಅಗ್ರಿಮೆಂಟಿನದ್ದೇ, ಅಂದರೆ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಡುವ ಒಪ್ಪಂದದ್ದು. ಅದು ನಿಜವಾಗಿ ಬಾಡಿಗೆಯಾ, ಲೈಸೆನ್ಸಾ (ಜಾಗ ಬಳಸಲು ಬರೀ ಅನುಮತಿ), ಇಲ್ಲಾ ಬರೀ ವ್ಯಾಪಾರ ನಡೆಸಿಕೊಡುವ ಒಪ್ಪಂದವಾ ಅನ್ನುವುದರ ಮೇಲೆ ಯಾವ ಕೋರ್ಟು ಅನ್ನುವುದೇ ಬದಲಾಗುತ್ತದೆ. ಮುಂಬೈ ಒಳಗಿನ ಹೋಟೆಲ್ ಆದರೆ ಸ್ಮಾಲ್ ಕಾಸಸ್ ಕೋರ್ಟಾ (ಬಾಡಿಗೆ, ಲೈಸೆನ್ಸ್ ಜಗಳ ನೋಡುವ ಕೋರ್ಟು), ಸಿಟಿ ಸಿವಿಲ್ ಕೋರ್ಟಾ ಅಂತಲೇ ವರ್ಷಗಟ್ಟಲೆ ವಾದ ನಡೆಯುತ್ತದೆ. ಅಂಥದ್ದನ್ನು ಮೊದಲ ಕೇಸ್ ಮಾಡಿಕೊಳ್ಳಬೇಡಿ. ಚೆಕ್ ಬೌನ್ಸ್‌ನಿಂದ ಶುರು ಮಾಡಿ. ಚೆಕ್ ವಾಪಸಾಯಿತು ಅಂತ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್, ಅದು ಚೆಕ್ ಕೊಟ್ಟವನ ಕೈ ಸೇರಿದ ಮೇಲೆ ದುಡ್ಡು ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ಕೊಟ್ಟು ತಡವನ್ನು ಮನ್ನಿಸಿ ಅಂತ ಕೋರ್ಟನ್ನು ಕೇಳಬಹುದು, ನೋಟಿಸ್ ತಡವಾದರೆ ಮುಗಿಯಿತು. ಈ ತಾರೀಕುಗಳಿಗೆ ಡೈರಿ ಇಡಿ.

ಶಿವಾಜಿನಗರ ಕಪ್ಪುಕೋಟು:
ನಾನು ಪುಣೆಯಲ್ಲಿ ಮೊದಲ ದಿನದಿಂದ ಒಬ್ಬಳೇ. ಸೀನಿಯರ್ ಹತ್ತಿರ ಹೋದರೆ ಕಲಿಸುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟೋ ಕಡೆ ಸುಮ್ನೆ ತಾರೀಕು ತಗೊಂಡು ಬಾ ಅನ್ನುವುದೇ ಕಲಿಕೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ 2024ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹೇಳಿತು. ಬರೀ ಸಲಹೆ ಅದು, ಅಲ್ವಾ!

ನಿಮಗೆ ನಿಜವಾಗಿ ಬೇಕಾದದ್ದು ಮರಾಠಿ. ಮಾತಾಡುವ ಮರಾಠಿ ಅಲ್ಲ, ಅದು ಡೊಂಬಿವಲಿಯಲ್ಲಿ ಬೆಳೆದವರಿಗೆ ಬಂದೇ ಬರುತ್ತದೆ. ರೋಜ್‌ನಾಮಾ (ಕೇಸಿನ ದಿನದಿನದ ಕೋರ್ಟ್ ದಾಖಲೆ), ಪಂಚನಾಮೆ, ಹಳೇ ಸಾತ್‌ಬಾರಾದ (ಜಮೀನಿನ ಪಹಣಿ) ಕೈಬರಹ ಓದುವ ಮರಾಠಿ. ಫೈಲಿಂಗ್ ಕೌಂಟರಿನಲ್ಲಿ ಯಾಕೆ ವಾಪಸ್ ಕೊಟ್ಟರು ಅಂತ ಗೊತ್ತಾಗದಿದ್ದರೆ ಸಂಜೆ ತನಕ ಅಲ್ಲೇ ನಿಂತಿರಬೇಕಾಗುತ್ತದೆ. ಕ್ಲರ್ಕ್‌ಗಳ ಜೊತೆ ಚೆನ್ನಾಗಿರಿ. ಇನ್‌ಸ್ಟಾದಲ್ಲಿ ಜಾಹೀರಾತು ಹಾಕೋಣ ಅಂತ ಯೋಚನೆ ಇದ್ದರೆ ಬಿಡಿ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ಒಪ್ಪುವುದಿಲ್ಲ.

ಮಾಟುಂಗಾ ಮಾವ:
ಇಬ್ಬರದ್ದೂ ಸರಿ. ಸನ್ನದು ನಿಮ್ಮದೇ, ಸೀನಿಯರ್ ಆಫೀಸಿನಲ್ಲಿ ಕೂತೇ ನಿಮ್ಮ ಹೆಸರಿನಲ್ಲಿ ವಕಾಲತ್ತು ಹಾಕಬಹುದಾ ಅಂತ ಮೊದಲೇ ಕೇಳಿ. ಕೆಲವರು ಒಪ್ಪುತ್ತಾರೆ. ಕ್ರಿಮಿನಲ್ ಇಷ್ಟವಿದ್ದರೆ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಯೋಜನೆ (ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರ ವಾದಿಸುವ ಕೆಲಸ) ನೋಡಿ, ಅಸಿಸ್ಟೆಂಟ್ ಹುದ್ದೆಗೆ ಮೂರು ವರ್ಷ ಅನುಭವ ಆಗದವರೂ ಅರ್ಜಿ ಹಾಕಬಹುದು.

ಇನ್ನೊಂದು. ಅಪ್ಪನ ಪರಿಚಯದವರು ಕೇಸ್ ಕೊಡುತ್ತಾರೆ, ಫೀಸ್ ಕೊಡುವುದಿಲ್ಲ. ನಮ್ಮ ಹುಡುಗ ಅಂತ ಕಾಫಿ ಕುಡಿಸಿ ಎರಡು ಗಂಟೆ ಸಲಹೆ ತಗೊಂಡು ಕಳಿಸುತ್ತಾರೆ.

ಡೊಂಬಿವಲಿ ಫಾಸ್ಟ್‌ಲೋಕಲ್:
ಹಹ್ಹಾ, ಅದು ಆಗಲೇ ಶುರುವಾಗಿದೆ. ಹಾಗಾದರೆ ನೋಟಿಸಿಗೆ ಎಷ್ಟು ಕೇಳಲಿ?

ಥಾಣೆ ವಕೀಲ:
ಕಲ್ಯಾಣ್ ಬಾರ್ ರೂಮಿನಲ್ಲಿ ಎಷ್ಟು ನಡೆಯುತ್ತಿದೆ ಅಂತ ವಿಚಾರಿಸಿ, ಅದಕ್ಕಿಂತ ಕಡಿಮೆಗೆ ಇಳಿಯಬೇಡಿ. ಪೂರ್ತಿ ಮುಂಗಡ ತಗೊಳ್ಳಿ. ಅಪ್ಪನ ಸ್ನೇಹಿತರ ಹತ್ತಿರ ಮೊದಲು.