ಹೋಮ್ ಕೇರ್‌ನಲ್ಲಿ ಮೊದಲನೇ ದಿನದ ಅಸೆಸ್‌ಮೆಂಟ್ ಹೇಗ್ ಮಾಡ್ತೀರ?

ಪ್ರಶ್ನೆ: ಎಲ್ರಿಗೂ ನಮಸ್ತೆ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿರೋ ನರ್ಸ್, ಮುಂಚೆ ಮೆಡಿಕಲ್ ವಾರ್ಡ್‌ನಲ್ಲಿದ್ದೆ, ಈಗ ಬೆಂಗಳೂರಲ್ಲೇ ಒಂದು ಹೋಮ್ ಕೇರ್ ಏಜೆನ್ಸಿಗೆ ಸೇರಿದೀನಿ. ಹೊಸ ಪೇಷಂಟ್ ಮನೇಲಿ ಅಡ್ಮಿಷನ್ ಅಸೆಸ್‌ಮೆಂಟ್ (ಪೇಷಂಟ್ ಸ್ಥಿತಿ ಪೂರ್ತಿ ನೋಡಿ ಬರೆಯೋದು) ಮಾಡೋದು ತುಂಬಾ ಕಷ್ಟ ಆಗ್ತಿದೆ, ಫಾರ್ಮ್ ಉದ್ದ, ಮನೆಯವ್ರೆಲ್ಲಾ ಒಟ್ಟಿಗೆ ಮಾತಾಡ್ತಾರೆ, ಉಳಿದಿದ್ದನ್ನ ರಾತ್ರಿ ಪಿಜಿಗೆ ಬಂದು ನೆನಪು ಮಾಡ್ಕೊಂಡು ಬರೀತೀನಿ. ಸೀನಿಯರ್ಸ್ ಹೇಗ್ ಮಾಡ್ತೀರ ದಯವಿಟ್ಟು ಹೇಳಿ.

ಉತ್ತರ: ಸಿಸ್ಟರ್, ಫಾರ್ಮನ್ನ ಒಂದನೇ ಪೇಜಿಂದ ಸಾಲಾಗಿ ಕೇಳ್ತಾ ಹೋಗ್ಬೇಡಿ, ಆಗ ಯಾವತ್ತೂ ಮುಗಿಯಲ್ಲ. ಕೇಳಿ ಬರೆಯೋದಕ್ಕಿಂತ ಮಾಡಿಸಿ, ನೋಡಿ, ಅಲ್ಲೇ ಕೂತು ಬರೀರಿ.

‘ಒಬ್ರೇ ನಡೀತಾರಾ’ ಅಂದ್ರೆ ಮಗ ‘ಹೂಂ ನಡೀತಾರೆ’ ಅಂತಾನೆ, ದಿನಾ ನೋಡಿ ಅವನಿಗೆ ಅಭ್ಯಾಸ ಆಗಿರುತ್ತೆ. ಅದರ ಬದಲು ಡಿಸ್ಚಾರ್ಜ್ ಸಮ್ಮರಿ ಓದಿ, ಕಾಲಿಗೆ ಭಾರ ಹಾಕ್ಬಾರ್ದು ಅಂತೇನೂ ಇಲ್ಲ ಅಂದ್ರೆ ‘ಅಂಕಲ್, ಬಾತ್‌ರೂಮ್ ಎಲ್ಲಿದೆ ತೋರಿಸ್ತೀರಾ’ ಅಂತ ಪಕ್ಕದಲ್ಲೇ ನಡೀರಿ. ಗೋಡೆ ಹಿಡೀತಾರಾ, ಏದುಸಿರು ಬರುತ್ತಾ, ಹೊಸ್ತಿಲಲ್ಲಿ ಕಾಲು ಎತ್ತಾರಾ, ನೆಲ ಒದ್ದೆ ಇದೆಯಾ, ರಾತ್ರಿ ಲೈಟ್ ಸ್ವಿಚ್ ಕೈಗೆ ಸಿಗುತ್ತಾ, ಫಾರ್ಮ್‌ನ ಅರ್ಧ ಇಲ್ಲೇ ಸಿಕ್ಬಿಡುತ್ತೆ. ಏಳೋ ಮುಂಚೆ ಮಲಗಿದ್ದಾಗ ಬಿಪಿ ನೋಡಿ, ನಿಂತ ಮೇಲೆ 3 ನಿಮಿಷದೊಳಗೆ ಮತ್ತೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದಿದ್ರೆ ಡಾಕ್ಟರ್‌ಗೆ ಹೇಳ್ಲೇಬೇಕು, ಬೀಳೋ ಚಾನ್ಸ್ ಜಾಸ್ತಿ.

ಹೆಚ್ಚು ಟೈಮ್ ಮಾತ್ರೆಗೆ ಕೊಡಿ. ಮನೇಲಿರೋ ಸ್ಟ್ರಿಪ್ ಎಲ್ಲಾ ಟೇಬಲ್ ಮೇಲೆ ಹಾಕ್ಸಿ, ಫ್ರಿಡ್ಜ್‌ನಲ್ಲಿರೋ ಇನ್ಸುಲಿನ್, ಕಷಾಯದ ಬಾಟ್ಲಿ, ಕಣ್ಣಿನ ಡ್ರಾಪ್ಸ್, ಮಂಡಿನೋವಿಗೆ ಚೀಟಿ ಇಲ್ದೆ ಮೆಡಿಕಲ್ ಶಾಪಿಂದ ತಂದಿದ್ದೂ ಬರ್ಲಿ. ಬ್ರಾಂಡ್ ಹೆಸ್ರು ನೋಡಿ ಬಿಡ್ಬೇಡಿ, ಸಣ್ಣ ಅಕ್ಷರದಲ್ಲಿರೋ ಔಷಧಿ ಹೆಸ್ರು ಓದಿ. ಆಸ್ಪತ್ರೆಯವ್ರು ಕೊಟ್ಟಿರೋ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಒಂದು ಬ್ರಾಂಡ್, ಮನೇಲಿದ್ದ ಹಳೇದು ಇನ್ನೊಂದು ಬ್ರಾಂಡ್, ಎರಡೂ ಬೇರೆ ಬೇರೆ ಅನ್ಕೊಂಡು ಎರಡನ್ನೂ ನುಂಗ್ತಿರ್ತಾರೆ ಪಾಪ. ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್ ತಗೊಳ್ಳೋರು ನೋವಿಗೆ ಅಂತ ಡೈಕ್ಲೋಫೆನಾಕ್ ತಗೊಂಡ್ರೆ ಬ್ಲೀಡಿಂಗ್ ಆಗ್ಬಹುದು. ತಾಳೆ ಆಗದ್ದನ್ನ ನೀವಾಗಿ ನಿಲ್ಲಿಸ್ಬೇಡಿ, ಅಲ್ಲಿಂದ್ಲೇ ಡಾಕ್ಟರ್‌ಗೆ ಫೋನ್ ಮಾಡಿ, ಅವ್ರು ಏನ್ ಹೇಳಿದ್ರು ಅಂತ ಟೈಮ್ ಸಮೇತ ಬರೀರಿ.

ಮಲಗಿದ ಕಡೆ ಇರೋರಾದ್ರೆ ಮಗ್ಗುಲು ತಿರುಗಿಸಿ ಬೆನ್ನಿನ ಕೆಳಭಾಗ, ಹಿಮ್ಮಡಿ, ಆಕ್ಸಿಜನ್ ಟ್ಯೂಬ್ ಇದ್ರೆ ಕಿವಿ ಹಿಂದೆ, ಎಲ್ಲಾ ಕಣ್ಣಾರೆ ನೋಡಿ. ಒತ್ತಿದ್ರೂ ಬಿಳಿಯಾಗದ ಕೆಂಪು ಅಂದ್ರೆ ಬೆಡ್‌ಸೋರ್ ಶುರುವಾಗಿದೆ ಅಂತ. ಕಪ್ಪು ಮೈಬಣ್ಣದವ್ರಿಗೆ ಕೆಂಪು ಸರಿಯಾಗಿ ಕಾಣಲ್ಲ, ಮುಟ್ಟಿ ನೋಡಿ, ಬಿಸಿ ಅಥವಾ ಗಟ್ಟಿ ಅನ್ಸುತ್ತೆ. ಬೆಡ್‌ಸೋರ್ ರಿಸ್ಕ್ ಅಳೆಯೋ ಬ್ರೇಡನ್ ಸ್ಕೋರ್ 18 ಅಥವಾ ಕಮ್ಮಿ ಬಂದ್ರೆ ರಿಸ್ಕ್ ಇದೆ. ಮೊದಲನೇ ದಿನ ಬರೀದೆ ಬಿಟ್ಟ ಗಾಯ ಆಮೇಲೆ ನಿಮ್ಮ ಆರೈಕೇಲಿ ಆಯ್ತು ಅಂತಾಗುತ್ತೆ, ಪೇಷಂಟ್‌ಗೂ ಟ್ರೀಟ್‌ಮೆಂಟ್ ತಡ ಆಗುತ್ತೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಅಕ್ಕ. ಪೇಷಂಟ್‌ಗೆ ಕೇಳಿದ್ದಕ್ಕೆಲ್ಲಾ ಮನೆಯವ್ರೇ ಉತ್ತರ ಕೊಟ್ರೆ ಏನ್ ಮಾಡ್ಲಿ? ಬೇಡ ಅನ್ನೋಕೂ ಆಗಲ್ಲ.

ಉತ್ತರ: ಅವ್ರಿಗೊಂದು ಕೆಲಸ ಕೊಡಿ. ‘ಮಾತ್ರೆ, ಹಳೇ ರಿಪೋರ್ಟ್ ಎಲ್ಲಾ ಒಟ್ಟು ಮಾಡಿ ತಂದ್ಬಿಡಿ’ ಅಂದ್ರೆ ಖುಷಿಯಿಂದ ಹೋಗ್ತಾರೆ. ಆ ಹೊತ್ತಲ್ಲಿ ಅಜ್ಜಿ ಹತ್ರ ಕೂತು ನೋವು ಎಲ್ಲಿದೆ, ನಿದ್ದೆ ಬರುತ್ತಾ, ಮೋಷನ್ ಆಗುತ್ತಾ, ಯಾರಾದ್ರೂ ಬೈತಾರಾ ಹೊಡೀತಾರಾ ಅಂತ ಮೆಲ್ಲಗೆ ಕೇಳಿ. ಎಷ್ಟೋ ಅಜ್ಜಂದಿರು ಅಜ್ಜಿಯರು ಯೂರಿನ್ ಲೀಕ್ ಆಗೋದನ್ನ ಸೊಸೆ ಮುಂದೆ ಬಾಯಿ ಬಿಡಲ್ಲ.

ಇನ್ನೊಬ್ಬರು: ನಾನು ಇಲ್ಲೇ ಒಂದು ಆಫೀಸಲ್ಲಿ ಅಮೆರಿಕದ ಹೋಮ್ ಹೆಲ್ತ್ ಚಾರ್ಟ್‌ಗಳನ್ನ ಚೆಕ್ ಮಾಡೋ ಕೆಲಸದಲ್ಲಿದೀನಿ. ಅಲ್ಲಿ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಪೇಷಂಟ್‌ಗಳಿಗೆ ಓಯಸಿಸ್ ಅಂತ ಒಂದು ಅಸೆಸ್‌ಮೆಂಟ್ ಫಾರ್ಮ್ ಇದೆ, ಕೇರ್ ಶುರುವಾದ ದಿನದಿಂದ 5 ದಿನದೊಳಗೆ ಅಸೆಸ್‌ಮೆಂಟ್ ಪೂರ್ತಿ ಮಾಡ್ಬೇಕು. ಅಲ್ಲೂ ಅಕ್ಕ ಹೇಳಿದ್ದೇ ಲೆಕ್ಕ, ಬರೀ ಕೇಳಿ ಟಿಕ್ ಹಾಕೋದಲ್ಲ, ಪೇಷಂಟ್ ಸೇಫಾಗಿ ಏನು ಮಾಡೋಕಾಗುತ್ತೆ ಅಂತ ನೋಡಿ ಬರೀಬೇಕು.

ಪ್ರಶ್ನೆ: ಅಷ್ಟಾದ್ರೂ ಟೈಮ್ ಸಾಲ್ಲಿಲ್ಲ ಅಂದ್ರೆ ಅಕ್ಕ?

ಉತ್ತರ: ವೈಟಲ್ಸ್ (ಬಿಪಿ, ನಾಡಿ, ಉಸಿರಾಟ, ಜ್ವರ), ಅಲರ್ಜಿ, ಮಾತ್ರೆ, ಚರ್ಮ, ಬೀಳೋ ರಿಸ್ಕ್, ಟ್ಯೂಬ್‌ಗಳು, ಇಷ್ಟು ಮುಗಿಸ್ದೆ ಮನೆ ಬಿಡ್ಬೇಡಿ. ಯೂರಿನ್ ಕ್ಯಾಥೆಟರ್ ಯಾವತ್ತು ಹಾಕಿದ್ದು, ಮೂಗಿಂದ ಹೊಟ್ಟೆಗೆ ಹೋಗೋ ರೈಲ್ಸ್ ಟ್ಯೂಬ್ ಮೂಗಿನ ಹತ್ರ ಎಷ್ಟನೇ ಮಾರ್ಕಲ್ಲಿದೆ ಬರೀರಿ. ಆಕ್ಸಿಜನ್ ಕೊಡೋ ಕರೆಂಟ್ ಮೆಷಿನ್ (ಕಾನ್ಸನ್ಟ್ರೇಟರ್) ಇದ್ರೆ ಕರೆಂಟ್ ಹೋದಾಗ ಏನ್ ಮಾಡ್ತೀರ, ಯುಪಿಎಸ್ ಅದನ್ನ ಎಳೆಯುತ್ತಾ, ಸ್ಪೇರ್ ಸಿಲಿಂಡರ್ ಇದೆಯಾ ಅಂತ ಕೇಳ್ಲೇಬೇಕು. ಅಪಾರ್ಟ್‌ಮೆಂಟ್ ಆದ್ರೆ ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುತ್ತಾ ನೋಡ್ಕೊಳ್ಳಿ, 108 ಬಂದಾಗ ಅದನ್ನ ಯೋಚ್ನೆ ಮಾಡ್ತಾ ನಿಲ್ಲೋಕಾಗಲ್ಲ. ಉಳಿದಿದ್ದು ಮುಂದಿನ ವಿಸಿಟ್‌ಗೆ ಇರ್ಲಿ, ಆದ್ರೆ ನೋಡದೇ ಇರೋದಕ್ಕೆ ‘ನಾರ್ಮಲ್’ ಅಂತ ಟಿಕ್ ಹಾಕ್ಬೇಡಿ, ‘ಇವತ್ತು ನೋಡಿಲ್ಲ’ ಅಂತಲೇ ಬರೆದು ಸೂಪರ್‌ವೈಸರ್‌ಗೆ ತಿಳಿಸಿ.